ಆಟಕ್ಕುಂಟು, ಲೆಕ್ಕಕ್ಕಿಲ್ಲ

ಬೀದಿಯಲ್ಲಿ ಮಕ್ಕಳು ಕಣ್ಣಾಮುಚ್ಚಾಲೆ ಆಡುವಾಗ ತೀರ ಚಿಕ್ಕದೊಂದು ಮಗು ತಾನೂ ಬರುತ್ತೇನೆಂದು ಹಟ ಹಿಡಿದರೆ ದೊಡ್ಡವರು ಒಂದು ಉಪಾಯ ಮಾಡುತ್ತಾರೆ. ಸೇರಿಸಿಕೊಳ್ಳುತ್ತಾರೆ, ಆದರೆ ಅದು ಸಿಕ್ಕಿಬಿದ್ದರೂ ಔಟಲ್ಲ, ಗೆದ್ದರೂ ಗೆಲುವಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಮಾನಸಿಕ ಕಾಯಿಲೆಗೆ ಆಸ್ಪತ್ರೆಯಲ್ಲಿದ್ದು ಮನೆಗೆ ಮರಳಿದವರನ್ನು ನಮ್ಮ ಮನೆಗಳು, ಊರುಗಳು ಇಟ್ಟುಕೊಳ್ಳುವುದು ಹೆಚ್ಚುಕಡಿಮೆ ಹೀಗೆಯೇ. ಬಹಳಷ್ಟು ಮನೆಗಳಲ್ಲಿ ಹೊಡೆತ ಬಡಿತವಿಲ್ಲ, ಊಟಕ್ಕೆ ಕೊರತೆಯಿಲ್ಲ. ಮದುವೆ ಕರೆಯೋಲೆಯಲ್ಲಿ ಮಾತ್ರ ಹೆಸರಿರುವುದಿಲ್ಲ. ಅಂಗಡಿಗೆ ಚೀಟಿ ಕೊಟ್ಟು ಕಳಿಸುತ್ತಾರೆ, ದುಡ್ಡನ್ನು ಆಮೇಲೆ ಇನ್ಯಾರೋ ಹೋಗಿ ಕೊಟ್ಟು ಬರುತ್ತಾರೆ. ಜಮೀನಿನ ಮಾತು ಎದ್ದಾಗ "ನೀನು ಒಳಗೆ ಹೋಗಿ ಮಲಗಪ್ಪ" ಅನ್ನುತ್ತಾರೆ.

'ಕಳಂಕ' ಅನ್ನುವ ಪದ ಇರುವುದು ಆರೋಗ್ಯ ಇಲಾಖೆಯ ಗೋಡೆಬರಹದಲ್ಲಿ. ಜನ ಆಡುವುದು ಬೇರೆ: "ಮನೆ ಹೆಸರು ಹೋಗುತ್ತೆ", "ನಾಳೆ ತಂಗಿಗೆ ಗಂಡು ಸಿಗಬೇಕಲ್ಲ". ಬೆಂಗಳೂರು ಕಡೆ "ನಿಮ್ಹಾನ್ಸ್ ಕೇಸು". ಉತ್ತರ ಕರ್ನಾಟಕದಲ್ಲಿ "ಇವನ್ನ ಧಾರವಾಡಕ್ಕ ಕಳಸಬೇಕು". ಪೇಡೆಗೆ ಹೆಸರಾದ ಊರು ಪಾಪ, ಅಲ್ಲಿನ ಮಾನಸಿಕ ಆಸ್ಪತ್ರೆಯ ದೆಸೆಯಿಂದ ಬೈಗುಳವಾಯಿತು. ಇಂಥ ಮಾತನ್ನು ಭಾಷಣದಿಂದ ನಿಲ್ಲಿಸುವುದು ಕಷ್ಟ. ಮನೆಗೆ ಬಂದವರು ಮತ್ತೆ ಲೆಕ್ಕಕ್ಕೆ ಸೇರಲು ಮನೆಯವರು, ಬೀದಿಯವರು, ಪಂಚಾಯಿತಿಯವರು ಮಾಡಬಹುದಾದ ಕೆಲಸಗಳಿವೆ, ಅವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮುಖ್ಯವಾಗಿ ಇಲ್ಲದ ದನಿ ಕೇಳಿಸುವ, ಗಟ್ಟಿ ಅನುಮಾನ ಕಾಡುವ ಸ್ಕಿಜೋಫ್ರೇನಿಯಾ, ಮನಸ್ಸು ಅತಿಯಾಗಿ ಉಬ್ಬುವ, ಕುಗ್ಗುವ ಬೈಪೋಲಾರ್‌ನಂಥ ದೊಡ್ಡ ಕಾಯಿಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು.

ಮೊದಲು ಬೀದಿಯ ಕಣ್ಣಿಗೆ ಬೀಳುವುದೇನು ನೋಡೋಣ. ಕಿವಿಯಲ್ಲಿ ದನಿ ಕೇಳುವುದು, ಯಾರೋ ಮಾಟ ಮಾಡಿಸಿದ್ದಾರೆ ಅನ್ನುವ ಗಟ್ಟಿ ಅನುಮಾನ, ಇವೆಲ್ಲ ಔಷಧಿಯಿಂದ ಎಷ್ಟೋ ತಗ್ಗಿರುತ್ತವೆ. ಆದರೂ ಊರವರು "ಇನ್ನೂ ಸರಿಹೋಗಿಲ್ಲ" ಅನ್ನುತ್ತಾರೆ. ಯಾಕೆಂದರೆ ಅವರಿಗೆ ಕಾಣಿಸುವುದು ಕೈನಡುಕ, ಗಟ್ಟಿಯಾದ ನಡಿಗೆ, ಜೊಲ್ಲು, ಭಾವವಿಲ್ಲದ ಮುಖ. ಇವುಗಳಲ್ಲಿ ಹೆಚ್ಚಿನವು ಕಾಯಿಲೆಯ ಗುರುತಲ್ಲ, ಮಾತ್ರೆಯ ಅಡ್ಡಪರಿಣಾಮ. ಹಾಗಾಗಿ ಕಳಂಕ ಕಡಿಮೆ ಮಾಡುವ ಮೊದಲ ಕೆಲಸ ವೈದ್ಯರ ಹತ್ತಿರವೇ ಶುರುವಾಗಬೇಕು ಅಂತ ನನ್ನ ಅಭಿಪ್ರಾಯ.

ಹಾಲೋಪೆರಿಡಾಲ್‌ನಂಥ ಹಳೆಯ ಔಷಧಿ ಶುರುಮಾಡಿದ ಮೊದಲ ಕೆಲವು ದಿನಗಳಲ್ಲಿ, ಅದರಲ್ಲೂ ಹರೆಯದ ಹುಡುಗರಲ್ಲಿ, ಇದ್ದಕ್ಕಿದ್ದಂತೆ ಕುತ್ತಿಗೆ ಒಂದು ಕಡೆಗೆ ತಿರುಚಿಕೊಳ್ಳಬಹುದು, ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ನಿಲ್ಲಬಹುದು, ನಾಲಿಗೆ ಹೊರಳದಿರಬಹುದು. ನೋಡಿದವರಿಗೆ ಗಾಬರಿ. "ಗಾಳಿ ಹಿಡೀತು" ಎಂದು ನಿಂಬೆಹಣ್ಣು ಹುಡುಕುತ್ತಾರೆ. ಇದು ಸ್ನಾಯುಗಳ ಸೆಳೆತ. ಹತ್ತಿರದ ಆಸ್ಪತ್ರೆಯಲ್ಲಿ ಫೆನರ್ಗನ್‌ನಂಥ ಒಂದು ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಡಿಸ್ಚಾರ್ಜ್ ಆಗುವಾಗಲೇ "ಹೀಗಾದರೆ ಎಲ್ಲಿಗೆ ಓಡಬೇಕು" ಎಂದು ಕೇಳಿ ಚೀಟಿಯ ಹಿಂದೆ ಬರೆಸಿಕೊಳ್ಳಿ. ಬೀದಿಯವರ ಎದುರು ಒಮ್ಮೆ ಹೀಗಾಗಿಬಿಟ್ಟರೆ ಆ ನೆನಪು ಹತ್ತು ವರ್ಷ ಉಳಿಯುತ್ತದೆ.

ಕೆಲವು ವಾರ ಕಳೆದ ಮೇಲೆ ಬರುವುದು ಬಿಗಿತ ಮತ್ತು ನಡುಕ. ಲೋಟ ಹಿಡಿದರೆ ಕಾಫಿ ತುಳುಕುತ್ತದೆ, ನಡೆಯುವಾಗ ಕೈ ಬೀಸುವುದಿಲ್ಲ, ನಕ್ಕರೂ ಮುಖ ನಗುವುದಿಲ್ಲ. ಇದಕ್ಕೆ ಡೋಸ್ ತಗ್ಗಿಸುವುದು, ಔಷಧಿ ಬದಲಿಸುವುದು, ಅಥವಾ ಜೊತೆಗೆ ಟ್ರೈಹೆಕ್ಸಿಫೆನಿಡಿಲ್ 2 ಮಿಲಿಗ್ರಾಂ ಮಾತ್ರೆ ಕೊಡುವುದು, ಹೀಗೆ ದಾರಿಗಳಿವೆ. ಮನೆಯವರು ಕೇಳದಿದ್ದರೆ ನೂರಾರು ಜನ ಸಾಲುಗಟ್ಟಿರುವ ಹೊರರೋಗಿ ವಿಭಾಗದಲ್ಲಿ ಇದು ಎಷ್ಟೋ ಸಲ ತಪ್ಪಿಹೋಗುತ್ತದೆ.

ಇನ್ನೊಂದು ಇನ್ನೂ ಮೋಸದ್ದು. ಕೂತಲ್ಲಿ ಕೂರಲಾಗದೆ, ಕಾಲು ಅಲ್ಲಾಡಿಸುತ್ತಾ, ಅಂಗಳದಲ್ಲಿ ಅತ್ತಿಂದಿತ್ತ ಇತ್ತಿಂದತ್ತ ತಿರುಗುವುದು. ಇದನ್ನು ಅಕಥೀಸಿಯಾ ಅನ್ನುತ್ತಾರೆ. ಮನೆಯವರಿಗೆ ಕಾಯಿಲೆ ಕೆರಳಿದ ಹಾಗೆ ಕಾಣುತ್ತದೆ, "ಮತ್ತೆ ಶುರುವಾಯ್ತು ಡಾಕ್ಟ್ರೇ" ಅನ್ನುತ್ತಾರೆ, ಡೋಸ್ ಏರುತ್ತದೆ, ತಿರುಗಾಟ ಇನ್ನೂ ಹೆಚ್ಚುತ್ತದೆ. ಕೇಳಬೇಕಾದ್ದು ಆ ಮನುಷ್ಯನನ್ನೇ: "ಮನಸ್ಸು ಚಡಪಡಿಸುತ್ತಾ, ಕಾಲು ಚಡಪಡಿಸುತ್ತಾ?" ಕಾಲು ಅಂದರೆ ಅದನ್ನು ಹಾಗೆಯೇ ವೈದ್ಯರಿಗೆ ಮುಟ್ಟಿಸಿ.

ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ರಾತ್ರಿ ದಿಂಬು ತೊಯ್ಯುವಷ್ಟು ಜೊಲ್ಲು. ದಿಂಬಿನ ಮೇಲೆ ಹಳೆ ಟವೆಲ್ ಹಾಸಿ, ತಲೆ ತುಸು ಎತ್ತರದಲ್ಲಿಡಿ, ವೈದ್ಯರಿಗೆ ಹೇಳಿ. ಈ ಔಷಧಿಗೆ ಮೊದಲ 18 ವಾರ ವಾರಕ್ಕೊಮ್ಮೆ ಬಿಳಿ ರಕ್ತಕಣದ ಪರೀಕ್ಷೆ ಮಾಡಿಸಬೇಕು. ಮಲಬದ್ಧತೆಯನ್ನು ಹಗುರವಾಗಿ ಬಿಡಬಾರದು. ಓಲಾಂಜಪಿನ್‌ನಲ್ಲಿ ಮೈ ಊದಿಕೊಳ್ಳುತ್ತದೆ, "ಕೂತು ತಿಂದು ಕೊಬ್ಬಿದ್ದಾನೆ" ಅನ್ನುವ ಮಾತು ಅಲ್ಲಿಂದ ಬರುತ್ತದೆ. ತಿಂಗಳಿಗೊಮ್ಮೆ ತೂಕ ಬರೆದಿಡಿ, ಸಕ್ಕರೆ ಪರೀಕ್ಷೆ ಮಾಡಿಸಿ.

ಬೈಪೋಲಾರಿಗೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರ ಕಥೆ ಬೇರೆ. ಬೇಸಿಗೆಯಲ್ಲಿ ಬೆವರಿ ನೀರು ಕಡಿಮೆಯಾದರೆ, ವಾಂತಿಭೇದಿ ಆದರೆ, ಏಕಾದಶಿಗೋ ರಂಜಾನಿಗೋ ನೀರು ಬಿಟ್ಟು ಉಪವಾಸ ಮಾಡಿದರೆ, ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗಿದರೆ, ರಕ್ತದಲ್ಲಿ ಲಿಥಿಯಂ ಏರಿಬಿಡುತ್ತದೆ. ಆಗ ವಾಂತಿ, ಜೋರು ನಡುಕ, ತೊದಲು, ತೂರಾಟ. ಬೀದಿಯವರು "ಕುಡಿದಿದ್ದಾನೆ" ಎಂದು ನಗುತ್ತಾರೆ, ಅವನಿಗೆ ತುರ್ತಾಗಿ ಆಸ್ಪತ್ರೆ ಬೇಕಾಗಿರುತ್ತದೆ. ನಗುವವರಲ್ಲಿ ಒಬ್ಬನಿಗಾದರೂ ಇದು ಮೊದಲೇ ಗೊತ್ತಿರಬೇಕು. ಲಿಥಿಯಂ ಮಟ್ಟ ನೋಡಲು ರಕ್ತ ಕೊಡುವುದು ಕೊನೆಯ ಮಾತ್ರೆಯಾಗಿ 12 ಗಂಟೆಗೆ. ಬೆಳಗಿನ ಮಾತ್ರೆ ನುಂಗಿ ಹೋದರೆ ಲೆಕ್ಕ ತಪ್ಪಾಗಿ ಬರುತ್ತದೆ.

ಇನ್ನು "ಸೋಮಾರಿ" ಅನ್ನುವ ಪಟ್ಟ. ಸ್ಕಿಜೋಫ್ರೇನಿಯಾದಲ್ಲಿ ದನಿ, ಅನುಮಾನಗಳು ಹೋದ ಮೇಲೂ ಉಳಿಯುವುದು ಉತ್ಸಾಹ ಬತ್ತಿದ ಸ್ಥಿತಿ. ಸ್ನಾನಕ್ಕೆ ಏಳಲು ಮನಸ್ಸಾಗುವುದಿಲ್ಲ, ಒಂದು ಮಾತಿಗೆ ಒಂದೇ ಪದದ ಉತ್ತರ. ಇದೂ ಕಾಯಿಲೆಯದೇ ಭಾಗ, ಮಾತ್ರೆಗೆ ಬೇಗ ಬಗ್ಗದ ಭಾಗ. ಬೈದರೆ ಹೆಚ್ಚುತ್ತದೆ, ಸುಮ್ಮನೆ ಬಿಟ್ಟರೂ ಹೆಚ್ಚುತ್ತದೆ. ದಿನಕ್ಕೊಂದು ಸಣ್ಣ ಕೆಲಸ, ಅದೂ ದಿನಾ ಅದೇ ಹೊತ್ತಿಗೆ ಇದ್ದರೆ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ.

ಮನೆಯೊಳಗಿನ ಮಾತಿನ ಬಗ್ಗೆ ಲಂಡನ್ನಿನಲ್ಲಿ 1950, 60ರ ದಶಕಗಳಲ್ಲಿ ಶುರುವಾದ ಒಂದು ಅಧ್ಯಯನ ಸರಣಿಯಿದೆ. ಆಸ್ಪತ್ರೆಯಿಂದ ಹೊರಬಂದವರಲ್ಲಿ ಯಾರಿಗೆ ಕಾಯಿಲೆ ಬೇಗ ಮರುಕಳಿಸುತ್ತದೆ ಎಂದು ನೋಡಿದಾಗ, ಟೀಕೆ, ಹಗೆತನ, ಅತಿಯಾದ ಕಾಳಜಿ ಈ ಮೂರು ಹೆಚ್ಚಿದ್ದ ಮನೆಗಳಿಗೆ ಮರಳಿದವರಿಗೆ ಹೆಚ್ಚು. ಅಂಥ ಮನೆಯವರ ಎದುರುಬದುರು ವಾರಕ್ಕೆ 35 ಗಂಟೆಗಿಂತ ಜಾಸ್ತಿ ಕೂತರಂತೂ ಇನ್ನೂ ಹೆಚ್ಚು. ಮುಂದೆ ಚಂಡೀಗಢದಲ್ಲಿ ಇದೇ ಅಳತೆಗೋಲು ಹಿಡಿದು ನೋಡಿದಾಗ ನಮ್ಮ ಕುಟುಂಬಗಳಲ್ಲಿ ಈ ಟೀಕೆಯ ಪ್ರಮಾಣ ಲಂಡನ್ನಿಗಿಂತ ಕಡಿಮೆ ಕಂಡಿತು. ಹೆಮ್ಮೆಪಡುವ ಮೊದಲು ಮೂರನೆಯದನ್ನು, ಅತಿ ಕಾಳಜಿಯನ್ನು, ಗಮನಿಸಿ. ಅದು ನಮ್ಮಲ್ಲಿ ಪ್ರೀತಿಯ ವೇಷದಲ್ಲಿರುತ್ತದೆ. 34 ವರ್ಷದ ಮಗನ ಬೆನ್ನಿಗೆ ಅಮ್ಮನೇ ಸೋಪು ಹಚ್ಚುವುದು, ಸೊಸೆ ಒಲೆ ಹಚ್ಚದಂತೆ ಅತ್ತೆ ಲೈಟರನ್ನು ಸೆರಗಿಗೆ ಕಟ್ಟಿಕೊಳ್ಳುವುದು, ಎರಡೂ ಅದೇ.

ಮಾತು ಬದಲಿಸುವುದು ಕಷ್ಟದ ಕೆಲಸವೇನಲ್ಲ, ಅಭ್ಯಾಸ ಬೇಕು. "ಮಾತ್ರೆ ತಗೊಂಡ್ಯಾ" ಎಂದು ದಿನಕ್ಕೆ ನಾಲ್ಕು ಸಲ ಕೇಳುವ ಬದಲು ವಾರದ ಏಳು ಗೂಡುಗಳಿರುವ ಮಾತ್ರೆ ಡಬ್ಬಿ ತಂದು, ಭಾನುವಾರ ಅವರ ಕೈಯಲ್ಲೇ ತುಂಬಿಸಿ, ರಾತ್ರಿ ಒಮ್ಮೆ ಗೂಡು ನೋಡಿದರೆ ಸಾಕು. ಕೋಪ ಬಂದಾಗಲೆಲ್ಲ "ಮಾತ್ರೆ ಬಿಟ್ಟಿದೀಯ ಅನ್ಸುತ್ತೆ" ಅನ್ನುವ ಮಾತನ್ನು ಮನೆಯಿಂದ ಪೂರ್ತಿ ಹೊರಗಟ್ಟಿ. ಎಲ್ಲರಿಗೂ ಇರುವ ಸಿಟ್ಟಿನ ಹಕ್ಕನ್ನೂ ಆ ಒಂದು ಮಾತು ಕಿತ್ತುಕೊಳ್ಳುತ್ತದೆ. ಕುಟುಂಬವನ್ನು ಚಿಕಿತ್ಸೆಯ ಪಾಲುದಾರನನ್ನಾಗಿ ಮಾಡಿಕೊಂಡ ಚರಿತ್ರೆ ನಮ್ಮ ದೇಶದ್ದೇ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡರು. ಮನೆಯವರು ಅಲ್ಲೇ ಅಡುಗೆ ಮಾಡಿ, ನೋಡಿ ಕಲಿತು, ಒಟ್ಟಿಗೆ ಊರಿಗೆ ಮರಳುತ್ತಿದ್ದರು.

ಅಕ್ಕಪಕ್ಕದವರಿಗೆ ಏನು ಹೇಳಬೇಕು? ಎಲ್ಲರಿಗೂ ಎಲ್ಲವನ್ನೂ ಹೇಳಬೇಕಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಕಾಯಿಲೆ, ಚಿಕಿತ್ಸೆಯ ವಿವರ ಗುಟ್ಟಾಗಿರುವ ಹಕ್ಕನ್ನು ಕೊಟ್ಟಿದೆ. ಹಾಗಂತ "ಟೈಫಾಯಿಡ್ ಆಗಿತ್ತು" ಅನ್ನುವ ಸುಳ್ಳು ಹಳ್ಳಿಯಲ್ಲಿ ಮೂರು ದಿನ ನಿಲ್ಲುವುದಿಲ್ಲ, ಸುಳ್ಳು ಬಯಲಾದ ಮೇಲೆ ಕಾಯಿಲೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಆಸ್ಪತ್ರೆಯಿಂದ ಹೊರಡುವ ಮೊದಲೇ ಆ ವ್ಯಕ್ತಿಯ ಜೊತೆ ಕೂತು ಒಂದೇ ಒಂದು ವಾಕ್ಯ ಗೊತ್ತುಮಾಡಿಕೊಳ್ಳಿ. "ನಿದ್ದೆ ಕೆಟ್ಟು ಮನಸ್ಸಿಗೆ ತೊಂದರೆಯಾಗಿತ್ತು, ಔಷಧಿ ನಡೀತಿದೆ, ಈಗ ವಾಸಿ." ಅಮ್ಮ, ಅಣ್ಣ, ಅತ್ತಿಗೆ, ಮಕ್ಕಳು, ಎಲ್ಲರ ಬಾಯಲ್ಲೂ ಅದೇ ವಾಕ್ಯ. ಒಬ್ಬೊಬ್ಬರು ಒಂದೊಂದು ಹೇಳಿದರೆ ಊರು ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ. ಪೂರ್ತಿ ವಿವರ ಇಬ್ಬರು ಮೂವರಿಗೆ ಸಾಕು: ರಾತ್ರಿ ಕಷ್ಟವಾದರೆ ಗಾಡಿ ತೆಗೆಯುವ ಪಕ್ಕದ ಮನೆಯವರು, ಆಶಾ ಕಾರ್ಯಕರ್ತೆ, ಕೆಲಸ ಕೊಡುವವರು. ಯಾರಿಗೆ ಅನ್ನುವುದನ್ನು ಆ ವ್ಯಕ್ತಿಯೇ ಆರಿಸಬೇಕು.

ಈಗ ಕೆಲಸದ ಮಾತು. ಹಳ್ಳಿಯಲ್ಲಿ ಮನುಷ್ಯ ಲೆಕ್ಕಕ್ಕೆ ಬರುವುದು ಯಾವುದೋ ಒಂದು ರಿಜಿಸ್ಟರಿನಲ್ಲಿ, ಯಾವುದೋ ಒಂದು ಸರದಿಯಲ್ಲಿ. ಹಾಲಿನ ಡೈರಿಯನ್ನೇ ತೆಗೆದುಕೊಳ್ಳಿ. ಹಳೇ ಮೈಸೂರಿನ ಕಡೆ ಊರೂರಿಗೂ ಇರುವ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಬೆಳಗ್ಗೆ ಸಂಜೆ ಎರಡು ಹೊತ್ತು ಹಾಲು ಹೋಗಬೇಕು. ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲಬೇಕು, ಸ್ಯಾಂಪಲ್ ತೆಗೆಯುವಾಗ ನೋಡಬೇಕು, ಎಷ್ಟು ಲೀಟರು, ಫ್ಯಾಟ್ ಎಷ್ಟು ಬಂತು ಅನ್ನುವ ಚೀಟಿ ಮನೆಗೆ ತರಬೇಕು. ಸಾಲಿನಲ್ಲಿ ನಿಂತಾಗ ಮಳೆ, ಹಿಂಡಿ ರೇಟು, ಕರು ಹಾಕಿದ ಹಸು, ಇಷ್ಟೇ ಮಾತು. ಯಾರೂ "ಹೇಗಿದೆ ಆರೋಗ್ಯ" ಎಂದು ಕೆದಕುವುದಿಲ್ಲ. ಇಷ್ಟು ಒಳ್ಳೆಯ ಪುನರ್ವಸತಿ ಕೇಂದ್ರವನ್ನು ಸರ್ಕಾರ ಕಟ್ಟಿಸುವುದು ಕಷ್ಟ.

ಆದರೆ ಮೊದಲ ದಿನವೇ ಕ್ಯಾನು ಕೊಟ್ಟು ಬೆಳಗ್ಗೆ ಆರಕ್ಕೆ ಕಳಿಸಿದರೆ ಕೆಟ್ಟಿತು. ರಾತ್ರಿ ಹತ್ತಕ್ಕೆ ನುಂಗಿದ ಮಾತ್ರೆಯ ಮಂಪರು ಬೆಳಗ್ಗೆ ಎಂಟರವರೆಗೂ ಇರುತ್ತದೆ, ದಾರಿಯಲ್ಲಿ ಹಾಲು ಚೆಲ್ಲುತ್ತದೆ, "ಇವನ ಕೈಲಿ ಏನೂ ಆಗಲ್ಲ" ಅನ್ನುವುದು ಮನೆಯವರಿಗೂ ಅವನಿಗೂ ಖಾತ್ರಿಯಾಗಿಬಿಡುತ್ತದೆ. ಹಂತ ಹೀಗಿರಲಿ. ಮೊದಲ ಎರಡು ವಾರ ಸಂಜೆ ಹಾಲು ಮಾತ್ರ, ಜೊತೆಗೆ ಮನೆಯವರೊಬ್ಬರು. ಕ್ಯಾನು ಅವನ ಕೈಯಲ್ಲೇ, ಎರಡು ಮೂರು ಲೀಟರಿಗಿಂತ ಹೆಚ್ಚು ಬೇಡ, ನಡುಗುವ ಕೈಗೆ ತುಂಬಿದ ಕ್ಯಾನು ಭಾರ. ಮೂರನೇ ವಾರದಿಂದ ಜೊತೆಗಿರುವವರು ಡೈರಿ ಬಾಗಿಲ ತನಕ ಹೋಗಿ ನಿಲ್ಲಲಿ. ಒಂದು ತಿಂಗಳಾದ ಮೇಲೆ ಒಬ್ಬನೇ. ಅಷ್ಟರೊಳಗೆ ವೈದ್ಯರನ್ನು ಕೇಳಿ ರಾತ್ರಿ ಮಾತ್ರೆಯನ್ನು ಎಂಟು ಗಂಟೆಗೆ ಹಿಂದಕ್ಕೆ ತಂದರೆ ಬೆಳಗಿನ ಹಾಲಿನ ಮಾತು ಆಡಬಹುದು. ಚೆಲ್ಲಿದ ದಿನ? ಚೆಲ್ಲಿತು, ಅಷ್ಟೆ. ಮಾರನೇ ದಿನ ಮತ್ತೆ ಅವನೇ ಹೋಗಬೇಕು. ಒಂದು ದಿನ ಬೇರೆಯವರು ಹೋದರೆ ಆ ಸರದಿ ಜಾರಿತೆಂದೇ ತಿಳಿಯಿರಿ.

ದುಡ್ಡಿನಲ್ಲೂ ಪಾಲಿರಲಿ. ಬಟವಾಡೆಯ ಹಣ ಅಪ್ಪನ ಖಾತೆಗೆ ಹೋದರೂ ವಾರಕ್ಕಿಷ್ಟು ಎಂದು ಎಣಿಸಿ ಅವನ ಕೈಗೆ ಕೊಡಿ, ಲೆಕ್ಕ ಕೇಳಬೇಡಿ. ಬೀಡಿಗೆ ಹೋದರೆ ಹೋಗಲಿ. ಮ್ಯಾನಿಯಾ, ಅಂದರೆ ಬೈಪೋಲಾರಿನ ಉಬ್ಬರ, ಏರಿದಾಗ ಸಾಲ ಮಾಡಿ ಸಾವಿರಾರು ರೂಪಾಯಿ ಹಾಳುಮಾಡಿದ ಅನುಭವ ಇದ್ದವರಿಗೆ ಮಾತ್ರ ಒಂದು ಮಿತಿ ಬೇಕು, ಅದನ್ನೂ ಅವರು ಸರಿ ಇರುವ ಹೊತ್ತಿನಲ್ಲಿ ಅವರೇ ಗೊತ್ತುಮಾಡಬೇಕು. ಹೆಂಗಸರಿಗೆ ಡೈರಿಯ ಬದಲು ಸ್ತ್ರೀಶಕ್ತಿ ಸಂಘದ ವಾರದ ಸಭೆ ಈ ಕೆಲಸ ಮಾಡುತ್ತದೆ. ಉಳಿತಾಯದ ಹಣವನ್ನು ತಾನೇ ಕಟ್ಟಿ, ತನ್ನ ಹೆಸರಿನ ಮುಂದೆ ತಾನೇ ಸಹಿ ಹಾಕಬೇಕು. ಅತ್ತೆ ತಂದು ಕಟ್ಟುವ ಹಣಕ್ಕೆ ಈ ಗುಣವಿಲ್ಲ. ಪಟ್ಟಣದವರಾದರೆ ಜಿಲ್ಲಾ ಮಟ್ಟದ ಮಾನಸಾಧಾರ ಹಗಲು ಆರೈಕೆ ಕೇಂದ್ರಗಳನ್ನು ವಿಚಾರಿಸಿ.

ಪಂಚಾಯಿತಿ ಮಟ್ಟದಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲದ ಒಬ್ಬರಿದ್ದಾರೆ: ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಎಲ್ಲರೂ ವಿಆರ್‌ಡಬ್ಲ್ಯೂ ಅನ್ನುತ್ತಾರೆ. ಅಂಗವಿಕಲರ ಕೆಲಸವೆಲ್ಲ ಇವರ ಮೂಲಕ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು ಎಂದು ಮನೆಯವರು ತಿಳಿದಿರುವುದಿಲ್ಲ. ಶೇ 40 ಎಂದು ಪ್ರಮಾಣಪತ್ರ ಸಿಕ್ಕರೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು, ಪಿಂಚಣಿಯ ಅರ್ಜಿ, ಉದ್ಯೋಗ ಖಾತ್ರಿ ಕೆಲಸದ ಅಳತೆಯಲ್ಲಿ ರಿಯಾಯಿತಿ, ಇವುಗಳ ಬಾಗಿಲು ತೆರೆಯುತ್ತದೆ. ಅಳೆಯುವುದು ನಾಲ್ಕು ವಿಷಯ: ತನ್ನ ಮೈ ಬಟ್ಟೆ ನೋಡಿಕೊಳ್ಳುವುದು, ಜನರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ. ಒಂದೊಂದಕ್ಕೂ 0ಯಿಂದ 4, ಜೊತೆಗೆ ಕಾಯಿಲೆ ಎಷ್ಟು ವರ್ಷದ್ದು ಅನ್ನುವುದಕ್ಕೆ ಅಂಕ. ಒಟ್ಟು 7 ಮುಟ್ಟಿದರೆ ಶೇ 40ರ ಗೆರೆ. ಇಲ್ಲಿ ಎಡವುವುದು ಹೀಗೆ: ಪ್ರಮಾಣಪತ್ರ ಕೊಡುವ ವೈದ್ಯರ ಬೋರ್ಡಿನ ಮುಂದೆ ಹೋಗುವ ದಿನ ಸ್ನಾನ ಮಾಡಿಸಿ, ಇಸ್ತ್ರಿ ಅಂಗಿ ತೊಡಿಸಿ, "ಚೆನ್ನಾಗಿ ಮಾತಾಡು" ಎಂದು ಹೇಳಿ ಕರೆತರುತ್ತಾರೆ. ಐದು ನಿಮಿಷದಲ್ಲಿ ಎಲ್ಲ ಸರಿಯಿದ್ದ ಹಾಗೆ ಕಾಣುತ್ತದೆ. ದಿನವೂ ನೋಡುವವರು ಜೊತೆಗೆ ಬರಬೇಕು, ಹಳೆಯ ಆಸ್ಪತ್ರೆ ಚೀಟಿಗಳೆಲ್ಲ ಇರಬೇಕು, ಕಳೆದ ತಿಂಗಳು ಎಷ್ಟು ದಿನ ಹೇಳದೆ ಸ್ನಾನ ಮಾಡಿದ, ಎಷ್ಟು ದಿನ ಕೆಲಸಕ್ಕೆ ಹೋದ ಎಂದು ಒಂದು ಹಾಳೆಯಲ್ಲಿ ಬರೆದು ತರಬೇಕು. ಕಾರ್ಡು ಮಾಡಿಸಿದರೆ ಹುಚ್ಚನೆಂದು ಮುದ್ರೆ ಬಿದ್ದ ಹಾಗೆ ಎಂದು ಹಿಂಜರಿಯುವವರೂ ಇದ್ದಾರೆ. ಅದು ಅವರ ತೀರ್ಮಾನ, ಒತ್ತಾಯ ಸಲ್ಲ. ಕಾರ್ಡು ಇದ್ದಮಾತ್ರಕ್ಕೆ ವೋಟು ಹೋಗುವುದಿಲ್ಲ, ಆಸ್ತಿ ಹೋಗುವುದಿಲ್ಲ. ಕೋರ್ಟು ಹಾಗೆಂದು ಘೋಷಿಸದೆ ಯಾರೂ ಬುದ್ಧಿಭ್ರಮಣೆಯವರೆಂದು ಲೆಕ್ಕಕ್ಕೆ ಬರುವುದಿಲ್ಲ, 2017ರ ಕಾಯ್ದೆಯ 3ನೇ ಸೆಕ್ಷನ್ನಿನಲ್ಲೇ ಇದು ಬರೆದಿದೆ. ಭಾಗಪತ್ರದ ಹೊತ್ತಿಗೆ ಅಣ್ಣತಮ್ಮಂದಿರು "ಅವನಿಗೆ ತಲೆ ಸರಿಯಿಲ್ಲ, ಸಹಿ ಬೇಕಿಲ್ಲ" ಅಂದರೆ ಈ ಸೆಕ್ಷನ್ ತೋರಿಸಿ.

ಜಾಗೃತಿ ಕಾರ್ಯಕ್ರಮಗಳ ಬಗ್ಗೆ ಒಂದು ತಕರಾರು. "ಬಿಪಿ, ಶುಗರ್ ಇದ್ದ ಹಾಗೇ ಇದೂ ಒಂದು ಕಾಯಿಲೆ" ಎಂದು ಎಲ್ಲ ವೇದಿಕೆಗಳಲ್ಲೂ ಹೇಳುತ್ತಾರೆ. ಮಾತು ತಪ್ಪಲ್ಲ, ಚಿಕಿತ್ಸೆಗೆ ಬರಲು ಧೈರ್ಯ ಕೊಡುತ್ತದೆ. ಆದರೆ ಮಿದುಳಿನ ಕಾಯಿಲೆ ಎಂದು ಒಪ್ಪಿದ ಮಾತ್ರಕ್ಕೆ ಜನ ಹತ್ತಿರ ಸೇರಿಸುವುದಿಲ್ಲ ಅನ್ನುವುದು ಹಲವು ದೇಶಗಳ ಸಮೀಕ್ಷೆಗಳಲ್ಲಿ ಕಂಡ ಸಂಗತಿ. ಕೆಲವೊಮ್ಮೆ "ಮಿದುಳೇ ಹಾಳಾಗಿದೆಯಂತೆ, ಇನ್ನೇನು ಸರಿಹೋಗುತ್ತೆ" ಎಂದು ಇನ್ನಷ್ಟು ದೂರ ಸರಿಯುತ್ತಾರೆ. ಗುಣವಾಗುತ್ತಿರುವ ವ್ಯಕ್ತಿಯೊಡನೆ ಎದುರಿಗೆ ಕೂತು ಮಾತಾಡಿದರೆ ಅಭಿಪ್ರಾಯ ಬದಲಾಗುವುದು ಹೆಚ್ಚು. ಹಾಗಾಗಿ ಕಾರ್ಯಕ್ರಮ ಮಾಡುವವರು ಸ್ಲೈಡು ತೋರಿಸುವ ಅರ್ಧ ಗಂಟೆಯನ್ನು ಹತ್ತು ನಿಮಿಷಕ್ಕೆ ಇಳಿಸಿ, ಉಳಿದದ್ದನ್ನು ಕಾಯಿಲೆ ಕಂಡುಂಡವರಿಗೆ ಬಿಡಿ. ಷರತ್ತುಗಳಿವೆ. ಅವರು ಒಂದಷ್ಟು ತಿಂಗಳಿಂದ ಸ್ಥಿರವಾಗಿರಬೇಕು. ಏನು ಹೇಳಬೇಕು, ಏನು ಹೇಳಬಾರದು ಎಂದು ಮೊದಲೇ ಅವರೇ ಬರೆದುಕೊಂಡಿರಬೇಕು. ಬೇರೆ ಊರಿನವರಾದರೆ ಲೇಸು, ಸ್ವಂತ ಊರಲ್ಲಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು. ಬಸ್ಸಿನ ಖರ್ಚು, ಗೌರವಧನ ಕೊಡಬೇಕು. ಫೋಟೋ ಬೇಡ ಅಂದರೆ ಬೇಡ. "ನೋಡಿ, ಹೇಗಿದ್ದವರು ಹೇಗಾಗಿದ್ದಾರೆ" ಎಂದು ಹೆಗಲ ಮೇಲೆ ಕೈಯಿಟ್ಟು ಪರಿಚಯಿಸುವ ಅಧ್ಯಕ್ಷರನ್ನು ದಯವಿಟ್ಟು ತಡೆಯಿರಿ.

ದೇವಸ್ಥಾನ, ದರ್ಗಾಗಳಿಗೆ ಹೋಗುವವರನ್ನು ಗೇಲಿ ಮಾಡುವುದು ನನಗೆ ಸರಿಕಾಣದು. ಜಾತ್ರೆಯ ಜನಜಂಗುಳಿಯಲ್ಲಿ ಆ ವ್ಯಕ್ತಿಯೂ ಎಲ್ಲರಂತೆ ಒಬ್ಬ, ಪ್ರಸಾದದ ಸಾಲಿನಲ್ಲಿ ಅವನಿಗೂ ಒಂದು ಜಾಗ. ಹರಕೆಯೂ ಇರಲಿ, ಮಾತ್ರೆ ಡಬ್ಬಿಯೂ ಜೊತೆಗಿರಲಿ. ಸರಪಳಿಗೆ ಮಾತ್ರ ರಾಜಿಯಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ಗುಡಿಸಲಿಗೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಜನ ಓಡಲಾಗದೆ ಸತ್ತರು. ಈಗ 2017ರ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಯಾವುದೇ ರೂಪದಲ್ಲಿ ಸರಪಳಿ ಹಾಕುವುದು ನಿಷಿದ್ಧ. ಊರಲ್ಲಿ ಯಾರನ್ನಾದರೂ ಕಟ್ಟಿಹಾಕಿದ್ದು ಕಂಡರೆ ಮೊದಲು ಮನೆಯವರ ಜೊತೆ ಕೂತು ಮಾತಾಡಿ, ಸಾಮಾನ್ಯವಾಗಿ ಅದು ಕ್ರೌರ್ಯವಲ್ಲ, ಕೂಲಿಗೆ ಹೋಗಬೇಕಾದವರ ನಿರುಪಾಯ. 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಫೋನ್ ಹಚ್ಚಿ. ಕರೆಗೆ ಕಾಸಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ಮದುವೆ. "ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ" ಅನ್ನುವ ಗಾದೆಯನ್ನು ತಮಾಷೆ ಎಂದುಕೊಂಡವರು ಅರ್ಧದಷ್ಟು ಜನ, ವೈದ್ಯರ ಸಲಹೆಯೆಂದು ನಂಬಿದವರು ಉಳಿದರ್ಧ. ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಆಗುವುದು ಇಷ್ಟು: ಮಾತ್ರೆ ಕಂಡರೆ ಗುಟ್ಟು ಬಯಲಾದೀತೆಂದು ಮದುವೆಗೆ ಹದಿನೈದು ದಿನ ಮೊದಲೇ ಮಾತ್ರೆ ನಿಲ್ಲಿಸುತ್ತಾರೆ, ನೆಂಟರ ಗದ್ದಲದಲ್ಲಿ ನಾಲ್ಕು ರಾತ್ರಿ ನಿದ್ದೆಯಿಲ್ಲ, ತಿಂಗಳೊಳಗೆ ಕಾಯಿಲೆ ಮರುಕಳಿಸುತ್ತದೆ. ಆಮೇಲೆ ಕೋರ್ಟು. ಹಿಂದೂ ವಿವಾಹ ಕಾಯ್ದೆಯಲ್ಲಿ ಮೋಸದಿಂದ ಒಪ್ಪಿಗೆ ಪಡೆದರೆ ಮದುವೆ ರದ್ದು ಕೋರಬಹುದು. ಹೇಳಿ ಮಾಡುವುದಾದರೆ ಮೊದಲ ಭೇಟಿಯಲ್ಲೇ ಹೇಳಬೇಕಿಲ್ಲ. ಹುಡುಗ ಹುಡುಗಿ ಒಪ್ಪಿ, ಲಗ್ನಪತ್ರಿಕೆ ಬರೆಸುವ ಮೊದಲು, ಮಧ್ಯಸ್ಥರನ್ನು ಬಿಟ್ಟು ಅವರಿಬ್ಬರೇ ಕೂತಾಗ ಹೇಳಬೇಕು. ಹೆಸರು, ಎಷ್ಟು ವರ್ಷ, ಯಾವ ಮಾತ್ರೆ, ಬಸಿರಾದರೆ ಮಾತ್ರೆಯ ಗತಿಯೇನು. ಕೊನೆಯದು ಮುಖ್ಯ: ಬೈಪೋಲಾರಿಗೆ ಕೊಡುವ ವಾಲ್ಪ್ರೋಯೇಟ್ ಮಾತ್ರೆ ಬಸಿರಿನಲ್ಲಿ ಮಗುವಿಗೆ ಅಪಾಯ, ಅದನ್ನು ಮದುವೆಗೆ ತಿಂಗಳುಗಳ ಮೊದಲೇ ವೈದ್ಯರ ಹತ್ತಿರ ಎತ್ತಬೇಕು.

ಕಾಯಿಲೆ ಕಂಡವರಿಗೆ ಕಾಯಿಲೆ ಕಂಡವರೇ ಸಿಗುವ ಜಾಗವೂ ಒಂದಿರಬೇಕು. ದೊಡ್ಡದೇನೂ ಬೇಡ. ಜಿಲ್ಲೆಯ ಮನೋವೈದ್ಯರು ಮಂಗಳವಾರಗಳಂದು ಸರದಿಯ ಮೇಲೆ ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಮನೋಚೈತನ್ಯ ಕ್ಲಿನಿಕ್ ಇದೆಯಲ್ಲ, ಅಲ್ಲಿ ಹೇಗೂ ಚೀಟಿಗಾಗಿ ಎರಡು ಗಂಟೆ ಕಾಯುತ್ತಾರೆ. ಆ ಹೊತ್ತಿನಲ್ಲೇ ಆರೇಳು ಜನ ಒಂದು ಮರದಡಿ ಕೂತರೆ ಗುಂಪಾಯಿತು. ಹತ್ತಕ್ಕಿಂತ ಹೆಚ್ಚು ಜನ ಬೇಡ, ಮಾತಾಡದವರು ಹಿಂದೆ ಉಳಿದುಬಿಡುತ್ತಾರೆ. ಮುಕ್ಕಾಲು ಗಂಟೆ ಸಾಕು, ಅದಕ್ಕಿಂತ ಹೆಚ್ಚು ಕೂರಲು ಎಷ್ಟೋ ಜನಕ್ಕೆ ಆಗದು. ಮನೆಯವರು ಬೇರೆ ಮರದಡಿ. ಯಾರು ಏನು ನುಂಗುತ್ತಾರೆ ಅನ್ನುವುದು ತಿಳಿಯಲಿ, ಆದರೆ ಮಾತ್ರೆ ಅದಲುಬದಲು ಮಾಡಿಕೊಳ್ಳಬಾರದು ಎಂಬ ಒಂದು ಕಟ್ಟುಪಾಡು. ಮಾತಿಲ್ಲದೆ ಕೂತವರೂ ಬಂದವರೇ. ಚಹಾ ತರುವ ಸರದಿ ಪ್ರತಿ ಸಲ ಬೇರೆಯವರದು, ದುಡ್ಡೂ ಅವರದೇ.

ಮರುಕಳಿಸುವ ದಿನವೂ ಬರಬಹುದು, ಅದಕ್ಕೆ ತಯಾರಿ ಬೇಕು. ಅವರವರ ಮುನ್ಸೂಚನೆ ಅವರವರಿಗೇ ಬೇರೆ: ಒಬ್ಬರಿಗೆ ಮೂರು ರಾತ್ರಿ ನಿದ್ದೆ ತಪ್ಪುವುದು, ಇನ್ನೊಬ್ಬರಿಗೆ ರೇಡಿಯೋ ಆಫ್ ಮಾಡಿಸುವುದು, ಮತ್ತೊಬ್ಬರಿಗೆ ಅಮ್ಮನ ಕೈಯಡುಗೆ ಬಿಡುವುದು. ಸರಿ ಇರುವಾಗಲೇ ಅವರನ್ನೇ ಕೇಳಿ ಮೂರು ನಾಲ್ಕನ್ನು ಬರೆದು ಗೋಡೆ ಕ್ಯಾಲೆಂಡರಿನ ಹಿಂದೆ ಅಂಟಿಸಿ. ಯಾವ ಆಸ್ಪತ್ರೆ, ಯಾವ ಔಷಧಿ ಒಗ್ಗದು, ಯಾರು ಪರವಾಗಿ ಮಾತಾಡಬೇಕು ಎಂದು ಮುಂಗಡ ನಿರ್ದೇಶನ ಬರೆದಿಡಲು 2017ರ ಕಾಯ್ದೆಯ 5ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಅದೇ ಹಾಳೆಯ ಕೆಳಗೆ ಇನ್ನೊಂದು ಸಾಲು ಸೇರಿಸಿ: ಆಸ್ಪತ್ರೆಯಲ್ಲಿರುವಾಗ ಡೈರಿಗೆ ಹಾಲು ಯಾರು ಹಾಕುತ್ತಾರೆ. ತಮ್ಮನೋ, ಪಕ್ಕದ ಮನೆಯ ಹುಡುಗನೋ, ಬದಲಿಗೆ ಹೋಗುತ್ತಿರುವವನು ಅನ್ನುವುದು ಡೈರಿಯವರಿಗೂ ಗೊತ್ತಿರಲಿ. ಊರಿಗೆ ಮರಳಿದ ಮೇಲೆ ಮೊದಲ ಎರಡು ವಾರ ಬೆಳಗಿನದು ಬೇಡ, ಸಂಜೆಯದು ಸಾಕು, ಎರಡು ಲೀಟರು.